ಗುಂಡು ಹಾರಿಸಿದ್ದು ಯಾರು? ಸಾಕ್ಷಿಯೇ ಇಲ್ಲದ ಒಂದು ಗಡಿಯ ಕಥೆ

2025ರ ಮಾರ್ಚ್ 13ರಂದು ಅರ್ಮೇನಿಯಾ ಮತ್ತು ಅಜರ್‌ಬೈಜಾನ್ ಶಾಂತಿ ಒಪ್ಪಂದದ ಕರಡಿಗೆ ಒಪ್ಪಿಗೆ ಕೊಟ್ಟವು. ಒಟ್ಟು 17 ಕಲಂಗಳ ಕರಡು. ಒಂದೊಂದು ಪದಕ್ಕೂ ಜಗ್ಗಾಡಿ, ಕೊನೆಗೂ ಎರಡೂ ಕಡೆಯವರು ತಲೆಯಾಡಿಸಿದ್ದರು. ಮೂರು ದಿನ ಕಳೆದಿರಲಿಲ್ಲ, ಅಜರ್‌ಬೈಜಾನಿನ ರಾಜಧಾನಿ ಬಾಕುವಿನ ರಕ್ಷಣಾ ಸಚಿವಾಲಯದಿಂದ ಹೇಳಿಕೆಗಳು ಶುರುವಾದವು. ರಾತ್ರಿ ಇಷ್ಟು ಗಂಟೆಗೆ, ಇಂಥ ಹಳ್ಳಿಯ ಕಡೆಯಿಂದ, ಅರ್ಮೇನಿಯಾದ ಸೈನಿಕರು ನಮ್ಮ ಠಾಣೆಗಳತ್ತ ಗುಂಡು ಹಾರಿಸಿದರು ಎಂದು. ಸ್ವಲ್ಪ ಹೊತ್ತಿಗೆ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಿಂದ ಉತ್ತರ: ಸುಳ್ಳು, ನಾವು ಹಾರಿಸಿಲ್ಲ. ಮಾರನೇ ದಿನ ಮತ್ತೆ ಅದೇ ಆರೋಪ, ಅದೇ ನಿರಾಕರಣೆ. ಹೀಗೆ ವಾರಗಟ್ಟಲೆ ನಡೆಯಿತು.

ಆ ಹೊತ್ತಿನಲ್ಲೇ ಅರ್ಮೇನಿಯಾದ ದಕ್ಷಿಣದ ಸ್ಯೂನಿಕ್ ಪ್ರಾಂತ್ಯದ ಖ್ನಾತ್ಸಾಖ್, ಖೋಜ್ನಾವರ್ ಎಂಬ ಗಡಿ ಹಳ್ಳಿಗಳಿಂದ ಬೇರೆಯದೇ ಸುದ್ದಿ ಬರುತ್ತಿತ್ತು. ಅಲ್ಲಿಯ ಮನೆಗಳಿಗೆ ಆಚೆಯಿಂದ ಗುಂಡು ಬಿದ್ದಿದೆ ಎಂದು ಅರ್ಮೇನಿಯಾ ಹೇಳಿತು. ಅದನ್ನು ಅಜರ್‌ಬೈಜಾನ್ ಒಪ್ಪಲಿಲ್ಲ. ಹಾಗಾದರೆ ಇಬ್ಬರೂ ಸೇರಿ ತನಿಖೆ ಮಾಡೋಣ, ಅದಕ್ಕೊಂದು ಜಂಟಿ ವ್ಯವಸ್ಥೆ ಮಾಡಿಕೊಳ್ಳೋಣ ಎಂದು ಅರ್ಮೇನಿಯಾದ ಪ್ರಧಾನಿ ನಿಕೋಲ್ ಪಶಿನ್ಯಾನ್ ಕಡೆಯಿಂದ ಪದೇ ಪದೇ ಸಲಹೆ ಹೋಯಿತು. ಬಾಕು ಅದಕ್ಕೆ ಹೂಂ ಅನ್ನಲಿಲ್ಲ.

ಈ ಸಂಘರ್ಷದ ಬಗ್ಗೆ ಓದುವಾಗ ನನ್ನನ್ನು ತುಂಬ ಕಾಡುವುದು ಇದೇ. ಮೂವತ್ತು ವರ್ಷಗಳಿಂದ 'ಕದನ ವಿರಾಮ ಉಲ್ಲಂಘನೆ' ಎಂಬ ಸುದ್ದಿ ಬರುತ್ತಲೇ ಇದೆ. ಆದರೆ ಮೊದಲು ಹಾರಿಸಿದ್ದು ಯಾರು ಎಂದು ಗಡಿಯ ಎರಡೂ ಬದಿ ನೋಡಿ ಹೇಳಬಲ್ಲ ಒಬ್ಬ ಮೂರನೆಯವನು ಅಲ್ಲಿ ನಿಂತಿದ್ದು ತೀರಾ ಕಡಿಮೆ. ಸಾಕ್ಷಿ ಇಲ್ಲದ ಕಡೆ ಆರೋಪವೇ ಆಯುಧವಾಗುತ್ತದೆ. ಅಲ್ಲಿ ಆಗಿರುವುದೂ ಅದೇ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಾಗೋರ್ನೊ-ಕರಬಾಖ್ ಎಂಬ ಗುಡ್ಡಗಾಡು ಪ್ರದೇಶದಲ್ಲಿ ಇದ್ದವರಲ್ಲಿ ಹೆಚ್ಚಿನವರು ಅರ್ಮೇನಿಯನ್ನರು. ಸೋವಿಯತ್ ಆಡಳಿತ 1923ರಲ್ಲಿ ಅದನ್ನು ಅಜರ್‌ಬೈಜಾನ್ ಒಳಗಿನ ಸ್ವಾಯತ್ತ ಪ್ರದೇಶವಾಗಿ ಮಾಡಿತು. 1988ರ ಫೆಬ್ರುವರಿಯಲ್ಲಿ ಅಲ್ಲಿಯ ಸ್ಥಳೀಯ ಮಂಡಳಿ ನಮ್ಮನ್ನು ಅರ್ಮೇನಿಯಾಕ್ಕೆ ಸೇರಿಸಿ ಎಂದು ಕೇಳಿತು. ಕೆಲವೇ ದಿನಗಳಲ್ಲಿ ಬಾಕು ಹತ್ತಿರದ ಸುಮ್‌ಗಾಯಿತ್ ಊರಿನಲ್ಲಿ ಅರ್ಮೇನಿಯನ್ನರ ಮೇಲೆ ಗುಂಪು ದಾಳಿ ನಡೆಯಿತು, ಕೊಲೆಗಳಾದವು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಪೂರ್ಣ ಪ್ರಮಾಣದ ಯುದ್ಧ. 1992ರ ಫೆಬ್ರುವರಿಯಲ್ಲಿ ಖೋಜಾಲಿ ಎಂಬಲ್ಲಿ ಓಡಿಹೋಗುತ್ತಿದ್ದ ನೂರಾರು ಅಜರ್‌ಬೈಜಾನಿ ನಾಗರಿಕರು ಸತ್ತರು. ಅಜರ್‌ಬೈಜಾನ್ ಕೊಡುವ ಲೆಕ್ಕ 613. ಅರ್ಮೇನಿಯನ್ ಪಡೆಗಳು ಕರಬಾಖ್ ಜೊತೆಗೆ ಸುತ್ತಲಿನ ಜಿಲ್ಲೆಗಳನ್ನೂ ಹಿಡಿದವು. ಅಲ್ಲಿದ್ದ ಲಕ್ಷಾಂತರ ಅಜರ್‌ಬೈಜಾನಿಗಳು ಊರು ಬಿಟ್ಟರು. ಅಗ್ದಮ್ ಎಂಬ ಇಡೀ ಪಟ್ಟಣ ಹಾಳು ಬಿತ್ತು. ಒಟ್ಟು ಸುಮಾರು 30,000 ಜನ ಸತ್ತ ಮೇಲೆ, 1994ರ ಮೇ 12ರಂದು ಕದನ ವಿರಾಮ ಜಾರಿಗೆ ಬಂತು.

ಆ ಕದನ ವಿರಾಮ ಹೇಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದನ್ನು ಕಾಯಲು ಶಾಂತಿಪಾಲನಾ ಪಡೆ ಇರಲಿಲ್ಲ. ಎರಡು ಸೇನೆಗಳ ನಡುವೆ ಯಾರೂ ಕಾಲಿಡದ ಅಗಲವಾದ ಪಟ್ಟಿಯೂ ಇರಲಿಲ್ಲ. ಸುಮಾರು 200 ಕಿಲೋಮೀಟರ್ ಉದ್ದಕ್ಕೆ ಎದುರುಬದುರು ಕಂದಕಗಳು. ಕೆಲವು ಕಡೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವಷ್ಟು ಹತ್ತಿರ. ಅಲ್ಲಿ ಕೂತವರಲ್ಲಿ ಹೆಚ್ಚಿನವರು ಕಡ್ಡಾಯ ಸೇವೆಗೆ ಬಂದ ಹದಿನೆಂಟು, ಇಪ್ಪತ್ತರ ಹುಡುಗರು. ಕಂದಕದಿಂದ ತಲೆ ಮೇಲೆತ್ತಿದರೆ ಸ್ನೈಪರ್ ಗುಂಡು. ಕದನ ವಿರಾಮ ಇದ್ದ ವರ್ಷಗಳಲ್ಲೂ ಹೀಗೆ ಹುಡುಗರು ಸಾಯುತ್ತಲೇ ಇದ್ದರು.

ನೋಡಿಕೊಳ್ಳುವವರು ಇರಲೇ ಇಲ್ಲವೇ? ಇದ್ದರು. ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ಪರವಾಗಿ ಪೋಲೆಂಡಿನ ಆಂಡ್ರೆ ಕಾಸ್‌ಪ್ಶಿಕ್ ಅವರ ಬೆರಳೆಣಿಕೆಯ ಜನರ ತಂಡ ಇತ್ತು. ಅವರು ಗಡಿ ನೋಡಲು ಹೋಗುವ ಮೊದಲು ಎರಡೂ ಸೇನೆಗಳಿಗೆ ತಿಳಿಸಬೇಕಿತ್ತು. ಯಾವ ದಿನ, ಯಾವ ಜಾಗ ಎಂದು ಮೊದಲೇ ಗೊತ್ತು. ಹೀಗಾಗಿ ಅವರು ಬರುವ ದಿನ ಬಂದೂಕುಗಳು ಸುಮ್ಮನಿರುತ್ತಿದ್ದವು. ಅವರ ಗಾಡಿ ವಾಪಸ್ ಹೋದ ಮೇಲೆ ಏನಾಗುತ್ತಿತ್ತು ಎಂದು ಬರೆದಿಡುವವರಿಲ್ಲ. ಎರಡೂ ರಕ್ಷಣಾ ಸಚಿವಾಲಯಗಳು 'ಎದುರಾಳಿ ಇಂದು ಇಷ್ಟು ಸಲ ಉಲ್ಲಂಘಿಸಿದ' ಎಂದು ದಿನಾ ಅಂಕಿ ಬಿಡುಗಡೆ ಮಾಡುತ್ತಿದ್ದವು. ಅವರವರ ಅಂಕಿ ಅವರವರಿಗೆ.

2016ರ ಏಪ್ರಿಲ್‌ನಲ್ಲಿ ನಾಲ್ಕು ದಿನ ದೊಡ್ಡ ಕಾಳಗವೇ ನಡೆಯಿತು. ಅದಾದ ಮೇಲೆ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಎರಡೂ ದೇಶದ ಅಧ್ಯಕ್ಷರು ಕೂತು ಎರಡು ವಿಷಯಕ್ಕೆ ಒಪ್ಪಿದರು. ಒಂದು, ಉಲ್ಲಂಘನೆಯನ್ನು ತನಿಖೆ ಮಾಡುವ ವ್ಯವಸ್ಥೆ. ಇನ್ನೊಂದು, ಕಾಸ್‌ಪ್ಶಿಕ್ ಕಚೇರಿಗೆ ಜಾಸ್ತಿ ಜನ. ಎರಡೂ ಕಾಗದದಲ್ಲೇ ಉಳಿದವು.

ಏಕೆ ಉಳಿದವು ಎಂಬುದಕ್ಕೆ ಬಾಕುವಿನ ಕಡೆಯ ಒಂದು ತರ್ಕವಿತ್ತು. ಅದನ್ನು ತಳ್ಳಿಹಾಕುವ ಹಾಗಿಲ್ಲ. ತನ್ನ ನೆಲ ಇನ್ನೊಬ್ಬರ ವಶದಲ್ಲಿದೆ. ಅದನ್ನು ಬಿಟ್ಟು ಕೊಡಿ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1993ರಲ್ಲೇ ನಾಲ್ಕು ನಿರ್ಣಯ ಮಾಡಿದೆ. ಯಾರೂ ಬಿಟ್ಟಿಲ್ಲ. ಹಾಗಿರುವಾಗ ಕಂದಕದ ಸಾಲಿನಲ್ಲಿ ಕ್ಯಾಮೆರಾ, ವೀಕ್ಷಕರನ್ನು ಕೂರಿಸಿ ಗಡಿಯನ್ನು ಶಾಂತ ಮಾಡಿದರೆ ಲಾಭ ಯಾರಿಗೆ? ನೆಲ ಹಿಡಿದು ಕೂತವರಿಗೆ. ಗಡಿ ತಣ್ಣಗಾದರೆ ಜಗತ್ತು ಮರೆಯುತ್ತದೆ, ಕರಬಾಖ್ ಶಾಶ್ವತವಾಗಿ ಕೈತಪ್ಪುತ್ತದೆ ಎಂಬ ಭಯ ಅಜರ್‌ಬೈಜಾನಿಗೆ ಇತ್ತು. ಅರ್ಮೇನಿಯಾ ತನಿಖಾ ವ್ಯವಸ್ಥೆ ಬೇಕು ಎಂದು ಗಟ್ಟಿಯಾಗಿ ಹೇಳುತ್ತಿತ್ತು ನಿಜ. ಆದರೆ ಸುತ್ತಲಿನ ಜಿಲ್ಲೆಗಳನ್ನು ಬಿಟ್ಟುಕೊಡುವ ಮಾತು ಬಂದಾಗ ಅದರ ಗಟ್ಟಿತನ ಬೇರೆ ಕಡೆ ತಿರುಗುತ್ತಿತ್ತು. ಒಬ್ಬರಿಗೆ ಗಡಿ ಶಾಂತವಾಗಿರಬೇಕು, ಇನ್ನೊಬ್ಬರಿಗೆ ಅದು ಕುದಿಯುತ್ತಿರಬೇಕು. ಇಂಥ ಕಡೆ ಹಾರುವ ಗುಂಡಿಗೂ ಸಂಧಾನದ ಮೇಜಿಗೂ ನೇರ ನಂಟು ಇರುತ್ತದೆ.

ಅದಕ್ಕೆ ಸಾಕ್ಷಿ 2018ರಲ್ಲಿ ಸಿಕ್ಕಿತು. ಆ ವರ್ಷ ಅರ್ಮೇನಿಯಾದಲ್ಲಿ ಜನರ ಚಳವಳಿಯಿಂದ ಸರ್ಕಾರ ಬದಲಾಗಿ ಪಶಿನ್ಯಾನ್ ಪ್ರಧಾನಿಯಾಗಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ತಜಿಕಿಸ್ತಾನದ ದುಶಾಂಬೆಯಲ್ಲಿ ನಡೆದ ಸಮ್ಮೇಳನದ ನಡುವೆ ಅವರೂ ಅಜರ್‌ಬೈಜಾನಿನ ಅಧ್ಯಕ್ಷ ಇಲ್ಹಾಮ್ ಅಲಿಯೆವ್ ಅವರೂ ಮಾತಾಡಿದರು. ದೊಡ್ಡ ಒಪ್ಪಂದವೇನಲ್ಲ. ಎರಡೂ ಕಡೆ ನೇರವಾಗಿ ಫೋನಿನಲ್ಲಿ ಮಾತಾಡಿಕೊಳ್ಳುವ ಏರ್ಪಾಡು, ಗಡಿಯಲ್ಲಿ ತಣ್ಣಗಿರಿ ಎಂಬ ಆದೇಶ. ಅಷ್ಟಕ್ಕೇ ಸಾವುಗಳು ಎದ್ದು ಕಾಣುವಂತೆ ಕಡಿಮೆಯಾದವು. ಮೇಲಿನವರು ಮನಸ್ಸು ಮಾಡಿದರೆ ಗುಂಡು ನಿಲ್ಲುತ್ತದೆ ಎಂದಾಯಿತು, ಅಲ್ವಾ? ಹಾಗಿದ್ದರೆ ನಿಲ್ಲದ ದಿನಗಳಿಗೂ ಮೇಲಿನವರೇ ಹೊಣೆ. ಯಾವುದೋ ಹುಡುಗ ಬೇಸರಕ್ಕೆ ಟ್ರಿಗರ್ ಒತ್ತಿದ ಎಂದು ಹೇಳಿ ಜಾರಿಕೊಳ್ಳಲು ಆಗುವುದಿಲ್ಲ.

2020ರ ಸೆಪ್ಟೆಂಬರ್ 27ರ ಬೆಳಗ್ಗೆ ಅಜರ್‌ಬೈಜಾನಿನ ಸೇನೆ ಕರಬಾಖ್ ಸುತ್ತಲಿನ ಇಡೀ ಸಾಲಿನ ಮೇಲೆ ನುಗ್ಗಿತು. ಅರ್ಮೇನಿಯನ್ನರು ನಮ್ಮ ಹಳ್ಳಿಗಳ ಮೇಲೆ ಶೆಲ್ ಹಾಕಿದರು, ಅದಕ್ಕೇ ಇದು ಪ್ರತಿದಾಳಿ ಎಂದು ಬಾಕು ಹೇಳಿತು. ಟರ್ಕಿಯ ಬೈರಕ್ತಾರ್ ಡ್ರೋನ್, ಇಸ್ರೇಲಿನ ಹಾರೋಪ್ ಡ್ರೋನ್ ಹಿಡಿದು, ಅಷ್ಟು ಉದ್ದದ ಸಾಲಿನ ಮೇಲೆ ಒಂದೇ ಸಲ ನಡೆಸಿದ ದಾಳಿಯನ್ನು ಬೆಳಗಾಗುವುದರೊಳಗೆ ಸಿದ್ಧ ಮಾಡಲು ಆಗುವುದಿಲ್ಲ. ಆದರೂ 'ಮೊದಲು ಉಲ್ಲಂಘಿಸಿದ್ದು ಅವರು' ಎಂಬ ಒಂದು ಸಾಲು ಬೇಕಿತ್ತು. ಆ ಸಾಲನ್ನು ಅಲ್ಲಿಯೇ ಸುಳ್ಳು ಎನ್ನಲೂ, ನಿಜ ಎನ್ನಲೂ ಯಾರೂ ಇರಲಿಲ್ಲ.

44 ದಿನಗಳ ಆ ಯುದ್ಧದಲ್ಲಿ ಮೂರು ಸಲ ಕದನ ವಿರಾಮ ಘೋಷಣೆಯಾಯಿತು. ಅಕ್ಟೋಬರ್ 10ರಂದು ಮಾಸ್ಕೋದ ಮಧ್ಯಸ್ಥಿಕೆಯಲ್ಲಿ, ವಾರದ ನಂತರ ಫ್ರಾನ್ಸಿನ ಪ್ರಯತ್ನದಲ್ಲಿ, 26ರಂದು ಅಮೆರಿಕದ ಪ್ರಯತ್ನದಲ್ಲಿ. ಮೂರೂ ಬಾಳಲಿಲ್ಲ. ಮೊದಲನೆಯದು ಜಾರಿಗೆ ಬಂದ ಮಾರನೇ ದಿನವೇ ಯುದ್ಧಭೂಮಿಯಿಂದ ದೂರದ, ಅಜರ್‌ಬೈಜಾನಿನ ಗಂಜಾ ನಗರದ ಮನೆಗಳ ಮೇಲೆ ಕ್ಷಿಪಣಿ ಬಿದ್ದು ಹತ್ತು ಜನ ಸತ್ತರು. ಅರ್ಮೇನಿಯಾ ತಾನು ಹಾರಿಸಿಲ್ಲ ಎಂದಿತು. ಅಕ್ಟೋಬರ್ 28ರಂದು ಬಾರ್ದಾ ಪಟ್ಟಣದ ಮೇಲೆ ಕ್ಲಸ್ಟರ್ ಬಾಂಬ್ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಇತ್ತ ಕರಬಾಖ್ ರಾಜಧಾನಿ ಸ್ಟೆಪನಕೆರ್ಟ್‌ನ ಜನ ವಾರಗಟ್ಟಲೆ ನೆಲಮಾಳಿಗೆಯಲ್ಲಿ ಕಳೆದರು. ಅಲ್ಲೂ ಕ್ಲಸ್ಟರ್ ಬಾಂಬ್ ಬಿದ್ದವು. ಶುಶಾ ಪಟ್ಟಣದ ಕ್ಯಾಥೆಡ್ರಲ್‌ನ ಛಾವಣಿ ಒಡೆಯಿತು. ಎರಡೂ ಕಡೆಯ ನಾಗರಿಕರು ಒಂದೇ ಬಗೆಯಲ್ಲಿ ಸತ್ತರು. ಅದರಲ್ಲಿ ಒಂದು ಕಡೆಯದನ್ನು ಮಾತ್ರ ಹೇಳುವವರ ಜೊತೆ ನಾನು ಇಲ್ಲ.

ಕೊನೆಗೆ ಶುಶಾ ಬಿದ್ದ ಮೇಲೆ, ನವೆಂಬರ್ 10ರಂದು ರಷ್ಯಾ ಮಾಡಿಸಿದ ಕದನ ವಿರಾಮ ನಿಂತಿತು. ಸುಮಾರು 7,000 ಸೈನಿಕರು ಸತ್ತಿದ್ದರು. 1,960 ರಷ್ಯನ್ ಶಾಂತಿಪಾಲಕರು ಬಂದರು. ಈ ಸಲ ಕಾವಲಿಗೆ ನಿಜವಾಗಿಯೂ ಒಂದು ಸೇನೆ ಬಂತು ಎಂದು ಕರಬಾಖ್‌ನ ಜನ ನಂಬಿದರು.

ಆ ಸೇನೆಯ ಕಣ್ಣೆದುರೇ, 2022ರ ಡಿಸೆಂಬರ್ 12ರಂದು ಅರ್ಮೇನಿಯಾದಿಂದ ಕರಬಾಖ್‌ಗೆ ಹೋಗುವ ಏಕೈಕ ದಾರಿಯಾದ ಲಾಚಿನ್ ರಸ್ತೆ ಬಂದ್ ಆಯಿತು. ಮೊದಲು ಪರಿಸರ ಹೋರಾಟಗಾರರು ಎಂದು ಹೇಳಿಕೊಂಡವರು ರಸ್ತೆಯಲ್ಲಿ ಕೂತರು. 2023ರ ಏಪ್ರಿಲ್‌ನಲ್ಲಿ ಅಜರ್‌ಬೈಜಾನ್ ಅಲ್ಲೇ ತಪಾಸಣಾ ಠಾಣೆ ಕಟ್ಟಿತು. ರಸ್ತೆಯಲ್ಲಿ ಓಡಾಟಕ್ಕೆ ಅಡ್ಡಿ ಆಗದಂತೆ ನೋಡಿಕೊಳ್ಳಿ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ ಫೆಬ್ರುವರಿಯಲ್ಲೇ ಹೇಳಿತ್ತು. ಆದೇಶ ಕಾಗದದಲ್ಲಿತ್ತು, ಅಂಗಡಿಗಳ ಕಪಾಟು ಖಾಲಿಯಾಗುತ್ತಿತ್ತು. ಸೆಪ್ಟೆಂಬರ್ 19ರಂದು, ನೆಲಬಾಂಬ್ ಸ್ಫೋಟದಲ್ಲಿ ತನ್ನವರು ಸತ್ತರು ಎಂಬ ಕಾರಣ ಕೊಟ್ಟು, 'ಭಯೋತ್ಪಾದನೆ ವಿರೋಧಿ ಕಾರ್ಯಾಚರಣೆ' ಎಂಬ ಹೆಸರಿನಲ್ಲಿ ಅಜರ್‌ಬೈಜಾನ್ ನುಗ್ಗಿತು. ಒಂದು ದಿನದಲ್ಲಿ ಮುಗಿಯಿತು. ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಅರ್ಮೇನಿಯನ್ನರು ಸಿಕ್ಕಿದ್ದನ್ನು ಕಟ್ಟಿಕೊಂಡು ಅದೇ ಲಾಚಿನ್ ರಸ್ತೆಯಲ್ಲಿ ಹೊರಟರು. ಹೋಗುವಾಗ ಪೆಟ್ರೋಲ್‌ಗೆ ಸಾಲು ನಿಂತಿದ್ದ ಡಿಪೋ ಸ್ಫೋಟಿಸಿ ಮತ್ತಷ್ಟು ಜನ ಸತ್ತರು. 1990ರ ದಶಕದಲ್ಲಿ ಅಗ್ದಮ್ ಖಾಲಿಯಾದ ಹಾಗೆ ಸ್ಟೆಪನಕೆರ್ಟ್ ಖಾಲಿಯಾಯಿತು.

ಅಲ್ಲಿಗೆ ಕರಬಾಖ್ ಜಗಳ ಸೈನಿಕವಾಗಿ ಮುಗಿಯಿತು. ಗಡಿಯ ಗುಂಡು ನಿಲ್ಲಬೇಕಿತ್ತಲ್ಲ? ಅದು ಅರ್ಮೇನಿಯಾದ ಸ್ವಂತ ನೆಲಕ್ಕೆ ಇಳಿದಿತ್ತು. 2021ರ ಮೇ ತಿಂಗಳಿನಿಂದಲೇ ಅಜರ್‌ಬೈಜಾನಿ ಸೈನಿಕರು ಸ್ಯೂನಿಕ್‌ನ ಕೆಲವು ಎತ್ತರದ ಜಾಗಗಳಲ್ಲಿ ಬಂದು ಕೂತಿದ್ದರು. 2022ರ ಸೆಪ್ಟೆಂಬರ್ 13ರ ರಾತ್ರಿ ಜೆರ್ಮುಕ್, ಗೋರಿಸ್, ಸೋತ್ಕ್ ಕಡೆ ಶೆಲ್ ಸುರಿದವು. ಎರಡು ದಿನದಲ್ಲಿ ಎರಡೂ ಕಡೆ ಸೇರಿ ಸುಮಾರು 300 ಸೈನಿಕರು ಸತ್ತರು. ಆಗಲೂ ಬಾಕು ಕೊಟ್ಟ ಕಾರಣ: ಅರ್ಮೇನಿಯಾದವರು ರಾತ್ರಿ ಬಂದು ನೆಲಬಾಂಬ್ ಹೂಳುತ್ತಿದ್ದರು. ರಷ್ಯಾ ಮುಂದಾಳತ್ವದ ಸೈನಿಕ ಒಕ್ಕೂಟದ ಸದಸ್ಯ ದೇಶ ಅರ್ಮೇನಿಯಾ. ಸಹಾಯಕ್ಕೆ ಬನ್ನಿ ಎಂದು ಕೇಳಿತು. ಒಕ್ಕೂಟ ಸೇನೆ ಕಳಿಸಲಿಲ್ಲ. ಯೆರೆವಾನ್ ಮಾಸ್ಕೋದಿಂದ ದೂರ ಸರಿದದ್ದಕ್ಕೆ ಆ ರಾತ್ರಿಯೇ ಮುಖ್ಯ ಕಾರಣ ಎಂದು ನನಗನಿಸುತ್ತದೆ.

2024ರ ಫೆಬ್ರುವರಿಯ ಒಂದು ಘಟನೆಯನ್ನು ಹತ್ತಿರದಿಂದ ನೋಡಿದರೆ ಈ ಇಡೀ ಲೆಕ್ಕ ಅರ್ಥವಾಗುತ್ತದೆ. 12ರಂದು ಗಡಿಯಲ್ಲಿ ಅಜರ್‌ಬೈಜಾನಿನ ಒಬ್ಬ ಸೈನಿಕ ಗುಂಡೇಟಿನಿಂದ ಗಾಯಗೊಂಡ ಎಂದು ಬಾಕು ಹೇಳಿತು. ಇದನ್ನು ತನಿಖೆ ಮಾಡುತ್ತೇವೆ ಎಂದು ಅರ್ಮೇನಿಯಾ ಹೇಳಿತು. ತನಿಖೆಗೆ ಒಂದು ರಾತ್ರಿಯೂ ಸಿಗಲಿಲ್ಲ. ಮಾರನೇ ಬೆಳಗ್ಗೆ ಕಪಾನ್ ಹತ್ತಿರದ ನೆರ್ಕಿನ್ ಹಾಂದ್ ಹಳ್ಳಿಯ ಠಾಣೆಯ ಮೇಲೆ ಗುಂಡಿನ ಮಳೆ. ನಾಲ್ವರು ಅರ್ಮೇನಿಯನ್ನರು ಸತ್ತರು. ಇದು ಪ್ರತೀಕಾರ ಎಂದು ಅಜರ್‌ಬೈಜಾನಿನ ಗಡಿ ಪಡೆ ಬಹಿರಂಗವಾಗಿಯೇ ಹೇಳಿಕೊಂಡಿತು. ಆರೋಪ, ತೀರ್ಪು, ಶಿಕ್ಷೆ ಮೂರನ್ನೂ ಒಂದೇ ಕಡೆಯವರು ಒಂದೇ ದಿನದಲ್ಲಿ ಮಾಡಿ ಮುಗಿಸಿದರು.

ಅದೇ ವರ್ಷ ಇದಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ಕೆಲಸವೂ ನಡೆಯಿತು. ಉತ್ತರದ ತವುಷ್ ಪ್ರಾಂತ್ಯದಲ್ಲಿ ಗಡಿ ಗುರುತು ಮಾಡುವುದು. 1990ರ ದಶಕದಿಂದ ಅರ್ಮೇನಿಯಾದ ಹಿಡಿತದಲ್ಲಿದ್ದ, ಅಜರ್‌ಬೈಜಾನಿಗೆ ಸೇರಿದ ನಾಲ್ಕು ಖಾಲಿ ಹಳ್ಳಿಗಳ ನೆಲವನ್ನು ಬಿಟ್ಟುಕೊಡಲು ಪಶಿನ್ಯಾನ್ ಒಪ್ಪಿದರು. ಸೋವಿಯತ್ ಸೇನೆಯ 1976ರ ನಕ್ಷೆ ಹಿಡಿದು ಎರಡೂ ಕಡೆಯ ತಜ್ಞರು ಅಳತೆ ಮಾಡಿ, ಏಪ್ರಿಲ್ 23ರಂದು ಮೊದಲ ಗಡಿ ಕಂಬ ನೆಟ್ಟರು. ನಮ್ಮಲ್ಲಿ ಬದುವಿನ ಜಗಳಕ್ಕೆ ಸರ್ವೆಯವರು ಬಂದು ಕಲ್ಲು ನೆಡುತ್ತಾರಲ್ಲ, ಹಾಗೆ. ಕಿರಾಂತ್ಸ್ ಎಂಬ ಹಳ್ಳಿಯವರಿಗೆ ಇದು ಸುಲಭವಾಗಿರಲಿಲ್ಲ. ಊರ ಅಂಚಿನ ಕೆಲವು ಆಸ್ತಿ, ಓಡಾಡುವ ರಸ್ತೆ ಗೆರೆಯ ಆಚೆ ಬಿದ್ದವು. ಆರ್ಚ್‌ಬಿಷಪ್ ಬಗ್ರಾತ್ ಗಲ್ಸ್ತಾನ್ಯಾನ್ ಮುಂದಾಳತ್ವದಲ್ಲಿ ಜನ ಯೆರೆವಾನ್‌ವರೆಗೆ ನಡೆದು ಬಂದು ಪ್ರತಿಭಟಿಸಿದರು. ಅವರ ಸಿಟ್ಟು ಅರ್ಥವಾಗುವಂಥದ್ದೇ. ಆದರೂ ಗುರುತಾದ ಆ 12.7 ಕಿಲೋಮೀಟರ್‌ನಲ್ಲಿ ಎರಡೂ ಸೇನೆಗಳು ಹಿಂದೆ ಸರಿದು ಗಡಿ ಕಾವಲು ಪಡೆ ಬಂದು ನಿಂತಿತು. ಗೆರೆ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಾದ ಕಡೆ 'ಅವರು ಒಳಗೆ ಬಂದರು' ಎಂದು ಸುಮ್ಮನೆ ಹೇಳಿಬಿಡಲು ಆಗುವುದಿಲ್ಲ. ಉಳಿದ ಗಡಿ ಸುಮಾರು 1,000 ಕಿಲೋಮೀಟರ್ ಇದೆ.

ಈ ದೂರದ ಜಗಳಕ್ಕೂ ಬೆಂಗಳೂರಿಗೂ ಒಂದು ನಂಟಿದೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. 2020ರಲ್ಲಿ ಭಾರತ ಅರ್ಮೇನಿಯಾಕ್ಕೆ ನಾಲ್ಕು 'ಸ್ವಾತಿ' ರಾಡಾರ್‌ಗಳನ್ನು ಸುಮಾರು 4 ಕೋಟಿ ಡಾಲರ್‌ಗೆ ಮಾರುವ ಒಪ್ಪಂದ ಮಾಡಿಕೊಂಡಿತು. ಈ ರಾಡಾರನ್ನು ರೂಪಿಸಿದ್ದು ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ, ತಯಾರಿಸುವುದು ನಮ್ಮ ಬಿಇಎಲ್. ಆಚೆಯಿಂದ ಶೆಲ್ ಹಾರಿದ ಕೂಡಲೇ ಸ್ವಾತಿ ಅದನ್ನು ಗಾಳಿಯಲ್ಲೇ ಹಿಡಿಯುತ್ತದೆ. ಅದು ಸಾಗುವ ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿ ಎಲ್ಲಿಂದ ಹೊರಟಿತು ಎಂದು ಹೇಳುತ್ತದೆ. ಸುಮಾರು 30 ಕಿಲೋಮೀಟರ್ ದೂರದ ಫಿರಂಗಿಯ ಜಾಗವೂ ಸಿಗುತ್ತದೆ. ಅಂದರೆ 'ಹಾರಿಸಿದ್ದು ಯಾರು' ಎಂಬ ಪ್ರಶ್ನೆಗೆ ಉತ್ತರ ಕೊಡುವ ಯಂತ್ರ ಇದೆ, ಅದನ್ನು ನಮ್ಮೂರಿನವರೇ ಮಾಡಿದ್ದಾರೆ. ಆದರೆ ಅದರ ಉತ್ತರ ಒಂದು ಸೇನೆಯ ಪರದೆಯಲ್ಲಿ ಮೂಡುತ್ತದೆ, ಆ ಸೇನೆ ತಿರುಗಿ ಹೊಡೆಯಲು ಬಳಸುತ್ತದೆ. ಎದುರಾಳಿ ಅದನ್ನು ಸಾಕ್ಷಿ ಎಂದು ಒಪ್ಪುವುದಿಲ್ಲ. ರೈಫಲ್ ಗುಂಡು ಇದಕ್ಕೆ ಸಿಗುವುದೂ ಇಲ್ಲ. 2025ರ ವಸಂತದಲ್ಲಿ ನಡೆದ ಆರೋಪ ಪ್ರತ್ಯಾರೋಪ ಹೆಚ್ಚಾಗಿ ಅಂಥ ಗುಂಡುಗಳ ಬಗ್ಗೆಯೇ.

ಆಮೇಲೆ ಪಿನಾಕ ರಾಕೆಟ್, ಆಕಾಶ್ ಕ್ಷಿಪಣಿಗಳನ್ನೂ ಅರ್ಮೇನಿಯಾ ನಮ್ಮಿಂದ ಕೊಂಡಿತು. ಅಜರ್‌ಬೈಜಾನ್ ಪಾಕಿಸ್ತಾನದ ಹಳೇ ಗೆಳೆಯ. ಪಾಕಿಸ್ತಾನ 2025ರ ಆಗಸ್ಟ್ ಕೊನೆಯವರೆಗೆ ಅರ್ಮೇನಿಯಾದ ಜೊತೆ ರಾಜತಾಂತ್ರಿಕ ಸಂಬಂಧವನ್ನೇ ಇಟ್ಟುಕೊಂಡಿರಲಿಲ್ಲ. 2025ರ ಮೇ ತಿಂಗಳಲ್ಲಿ ಬಾಕು ಪಾಕಿಸ್ತಾನದ ಪರ ನಿಂತಾಗ ಭಾರತದ ಪ್ರವಾಸಿಗರು ಅಲ್ಲಿಗೆ ಹೋಗುವುದನ್ನು ಕೈಬಿಟ್ಟಿದ್ದು ನೆನಪಿರಬಹುದು. ಆ ಸಿಟ್ಟಿನಲ್ಲಿ ನಮ್ಮ ಕಡೆ ಅರ್ಮೇನಿಯಾ ಅಂದರೆ ನಮ್ಮವರು, ಅಜರ್‌ಬೈಜಾನಿಗಳೆಲ್ಲ ಶತ್ರುಗಳು ಎಂದು ಬರೆಯುವವರು ಜಾಸ್ತಿಯಾದರು. ಅಗ್ದಮ್‌ನಿಂದ ಓಡಿದವರು, ಈಗ ಊರಿಗೆ ಮರಳುವಾಗ ನೆಲಬಾಂಬ್ ತುಳಿಯುತ್ತಿರುವವರು ಯಾರು ಎಂದು ಅವರು ನೋಡಬೇಕು.

2025ರ ಆಗಸ್ಟ್ 8ರಂದು ವಾಷಿಂಗ್ಟನ್‌ನಲ್ಲಿ ಟ್ರಂಪ್ ಎದುರು ಪಶಿನ್ಯಾನ್, ಅಲಿಯೆವ್ ಕೈಕುಲುಕಿದರು. ಎರಡೂ ದೇಶದ ವಿದೇಶಾಂಗ ಸಚಿವರು ಕರಡು ಒಪ್ಪಂದದ ಪುಟಗಳಿಗೆ ಕಿರುಸಹಿ ಹಾಕಿದರು. ಸ್ಯೂನಿಕ್ ಮೂಲಕ ಅಜರ್‌ಬೈಜಾನಿನ ಮುಖ್ಯಭಾಗವನ್ನು, ಅದರಿಂದ ಬೇರೆಯಾಗಿ ಅರ್ಮೇನಿಯಾದ ಆಚೆ ಬದಿಗಿರುವ ಅದರದೇ ಪ್ರದೇಶ ನಖ್ಚಿವಾನ್‌ಗೆ ಜೋಡಿಸುವ ದಾರಿಗೆ ಟ್ರಂಪ್ ಹೆಸರನ್ನೇ ಇಟ್ಟರು. ಅಕ್ಟೋಬರ್‌ನಲ್ಲಿ ಅಲಿಯೆವ್ ಅರ್ಮೇನಿಯಾಕ್ಕೆ ಹೋಗುವ ಸರಕಿನ ಮೇಲಿದ್ದ ನಿರ್ಬಂಧ ತೆಗೆದರು, ಕಜಕಿಸ್ತಾನದ ಗೋಧಿ ಅಜರ್‌ಬೈಜಾನ್ ಮೂಲಕ ಬಂತು. ಗಡಿಯೂ ಸಾಕಷ್ಟು ತಣ್ಣಗಾಯಿತು. ಮೂರು ದಶಕ ಕಾಣದ ಬದಲಾವಣೆ ಇದು, ಇದರಿಂದ ನನಗೂ ಖುಷಿ.

ಆದರೆ ಕರಡಿನ ಏಳನೇ ಕಲಂ ಓದಿದಾಗ ಖುಷಿಯ ಜೊತೆ ಅಳುಕೂ ಬರುತ್ತದೆ. ಎರಡೂ ದೇಶಗಳ ನಡುವಿನ ಗಡಿಯಲ್ಲಿ ಮೂರನೇ ದೇಶದ ಪಡೆಗಳನ್ನು ಇಡುವಂತಿಲ್ಲ ಎನ್ನುತ್ತದೆ ಅದು. ಬಾಕುವಿನ ಮುಖ್ಯ ಗುರಿ ಐರೋಪ್ಯ ಒಕ್ಕೂಟದ ವೀಕ್ಷಕರು. 2023ರ ಫೆಬ್ರುವರಿಯಿಂದ ಅವರು ಅರ್ಮೇನಿಯಾ ಬದಿಯಲ್ಲಿ ಗಸ್ತು ತಿರುಗುತ್ತಿದ್ದಾರೆ. ಕೈಯಲ್ಲಿ ಆಯುಧವಿಲ್ಲ, ಬೈನಾಕ್ಯುಲರ್ ಇದೆ. ಅಜರ್‌ಬೈಜಾನ್ ತನ್ನ ಬದಿಗೆ ಅವರನ್ನು ಬಿಟ್ಟುಕೊಂಡಿಲ್ಲ. ಅವರ ಅವಧಿ 2027ರ ಫೆಬ್ರುವರಿವರೆಗೆ ಇದೆ. ಅರೆಬರೆಯಾದರೂ ಅಲ್ಲಿರುವ ಹೊರಗಿನ ಕಣ್ಣು ಅದೊಂದೇ. ರಷ್ಯನ್ ಶಾಂತಿಪಾಲಕರು 2024ರಲ್ಲೇ ಕರಬಾಖ್‌ನಿಂದ ಹೋದರು. ಮೂವತ್ತು ವರ್ಷ ಸಂಧಾನ ಮಾಡಿದ ಮಿನ್ಸ್ಕ್ ಗುಂಪನ್ನು ಎರಡೂ ದೇಶಗಳ ಕೋರಿಕೆಯ ಮೇಲೆ 2025ರಲ್ಲಿ ಮುಚ್ಚಲಾಯಿತು. ಅಂತರರಾಷ್ಟ್ರೀಯ ನ್ಯಾಯಾಲಯಗಳಲ್ಲಿ ಒಬ್ಬರ ಮೇಲೊಬ್ಬರು ಹಾಕಿದ ದಾವೆಗಳನ್ನೂ ಹಿಂದಕ್ಕೆ ಪಡೆಯಬೇಕು ಎಂದು ಕರಡಿನಲ್ಲಿದೆ.

ಹೊರಗಿನವರು ಬೇಡ, ನಾವಿಬ್ಬರೇ ನೋಡಿಕೊಳ್ಳುತ್ತೇವೆ ಎನ್ನುವುದರಲ್ಲಿ ತಪ್ಪಿಲ್ಲ. ರಷ್ಯಾದ ಕಾವಲನ್ನು ನೆಚ್ಚಿ ಏನಾಯಿತು ಎಂದು ಕರಬಾಖ್‌ನವರೇ ಹೇಳಬಲ್ಲರು. ಆದರೆ ಇಬ್ಬರೇ ನೋಡಿಕೊಳ್ಳುವುದಾದರೆ ಗಡಿಯಲ್ಲಿ ಗುಂಡು ಹಾರಿದ ದಿನ ಏನು ಮಾಡುತ್ತಾರೆ ಎಂಬುದು ಬರೆದಿರಬೇಕು. ಯಾರು ಯಾರಿಗೆ ಫೋನ್ ಮಾಡಬೇಕು, ಎಷ್ಟು ಗಂಟೆಯೊಳಗೆ ಎರಡೂ ಕಡೆಯ ಅಧಿಕಾರಿಗಳು ಆ ಜಾಗಕ್ಕೆ ಹೋಗಬೇಕು, ವರದಿ ಬರುವವರೆಗೆ ತಿರುಗಿ ಹೊಡೆಯುವಂತಿಲ್ಲ ಎಂಬ ಕಟ್ಟುಪಾಡು ಇರಬೇಕು. ಒಪ್ಪಂದ ಪಾಲನೆ ನೋಡಿಕೊಳ್ಳಲು ಎರಡೂ ದೇಶಗಳ ಆಯೋಗ ಮಾಡುವ ಮಾತು ಕರಡಿನಲ್ಲಿದೆ. ಇದನ್ನೆಲ್ಲ ಅದರ ಕೈಗೆ ಕೊಡಬಹುದು.

ಕರಡಿಗೆ ಪೂರ್ತಿ ಸಹಿ ಬೀಳಬೇಕಾದರೆ ಅರ್ಮೇನಿಯಾ ತನ್ನ ಸಂವಿಧಾನ ಬದಲಿಸಬೇಕು ಎಂದು ಬಾಕು ಪಟ್ಟು ಹಿಡಿದಿದೆ. ಅದರ ಪೀಠಿಕೆ 1990ರ ಸ್ವಾತಂತ್ರ್ಯ ಘೋಷಣೆಯನ್ನು ಸ್ಮರಿಸುತ್ತದೆ, ಆ ಘೋಷಣೆ ಕರಬಾಖ್ ಜೊತೆ ಒಂದಾಗುವ 1989ರ ನಿರ್ಣಯವನ್ನು ಸ್ಮರಿಸುತ್ತದೆ ಎಂಬುದು ಅದರ ವಾದ. ಸಂವಿಧಾನ ಬದಲಾಗಲು ಜನಮತಗಣನೆ ಆಗಬೇಕು. ಕರಡಿಗೆ ಒಪ್ಪಿದ್ದಕ್ಕೂ ಸಹಿಗೂ ನಡುವಿನ ಇಂಥ ದಿನಗಳಲ್ಲೇ ಈ ಗಡಿಯಲ್ಲಿ ಗುಂಡಿನ ಆರೋಪಗಳು ಏಳುವುದು. 2025ರ ಮಾರ್ಚ್‌ನಲ್ಲಿ ಕಂಡದ್ದು ಅದನ್ನೇ. ಜಂಟಿ ತನಿಖೆಗೆ ಅರ್ಮೇನಿಯಾ ಇಟ್ಟ ಸಲಹೆಗೆ ಒಪ್ಪಿಗೆ ಕೊಡಲು ಸಂವಿಧಾನ ಬದಲಾಗುವುದನ್ನು ಕಾಯಬೇಕಿಲ್ಲ. ಅಲಿಯೆವ್ ಮನಸ್ಸು ಮಾಡಿದರೆ ಅದು ನಾಳೆಯೇ ಆಗುವ ಕೆಲಸ.